ಸೋಡಿಯಂ ದೀಪದ ಕೆಳಗಿನ ಕೆಂಪು

ಸತ್ತವರು ಬಂದು ಹೋಗುತ್ತಾರೆ ಎಂಬ ಮಾತನ್ನು ನಾನು ನಂಬುತ್ತಿರಲಿಲ್ಲ. ಯಾರಾದರೂ ಹೇಳಿದರೆ ಕೆಣಕಿ ನಗುತ್ತಿದ್ದೆ. ಈಗ ನಂಬುತ್ತೀಯಾ ಎಂದರೆ ಅದೂ ಗೊತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀವೇ ನೋಡಿ.

ನನಗೊಂದು ಹುಚ್ಚು. ರಾಯದುರ್ಗದ ಗುಜರಿ ಅಂಗಡಿಗಳಲ್ಲಿ ಹಳೆಯ ಬೀದಿದೀಪಗಳ ಬಲ್ಬು ಹುಡುಕಿ ತರುವುದು. ಗುಜರಿಯವನು ತೆಲುಗಿನಲ್ಲಿ ನನ್ನನ್ನು ‘ಪಿಚ್ಚೋಡು’, ಅಂದರೆ ಹುಚ್ಚ, ಎಂದೇ ಕರೆಯುತ್ತಿದ್ದ. ಮರ್ಕ್ಯುರಿ, ಸೋಡಿಯಂ, ಏನು ಸಿಕ್ಕರೂ ಸರಿ. ಬುಡದ ಅಕ್ಷರ ಸವೆದಿದ್ದರೆ ಹೊತ್ತಿಸಿ, ಕೆಳಗೆ ಬಣ್ಣದ ಬಟ್ಟೆ ಹಿಡಿದು ಜಾತಿ ಗುರುತಿಸುತ್ತಿದ್ದೆ. ಹಳೆಯ ಕಾಲದ ಉದ್ದನೆಯ ಸೋಡಿಯಂ ದೀಪವಾದರೆ ಅದರಡಿ ಯಾವ ಬಣ್ಣವೂ ಉಳಿಯುವುದಿಲ್ಲ. ಕೆಂಪು, ಹಸಿರು ಎಲ್ಲ ಬೂದಿ ಬಣ್ಣ. ಎಂದೂ ತಪ್ಪದ ಗುರುತು ಅದು.

ಅಂಥದೊಂದು ದೀಪ ಜೀನ್ಸ್ ಹೊಲಿಯುವ ಶೆಡ್ಡಿನ ಅಂಗಳದಲ್ಲಿತ್ತು. ಮಡಕಶಿರಾ ಕಡೆಯಿಂದ ಮದುವೆಯಾಗಿ ಬಂದ ನನ್ನ ಹೆಂಡತಿ ಶಿವಮ್ಮ ಸಂಜೆ ಅದರ ಕೆಳಗೆ ಕೂತು ಪ್ಯಾಂಟುಗಳ ದಾರ ಕತ್ತರಿಸುತ್ತಿದ್ದಳು. ಆ ಬೆಳಕಿನಲ್ಲಿ ನೀಲಿ ಪ್ಯಾಂಟು, ಕರಿ ಪ್ಯಾಂಟು ಒಂದೇ ಕಟ್ಟಿಗೆ ಸೇರಿ ಹೆಂಗಸರೆಲ್ಲ ಬೈಸಿಕೊಳ್ಳುತ್ತಿದ್ದರು. “ನಿಮ್ ದೀಪದ ಕೆಳಗೆ ಕುಂಕುಮನೂ ಕರ್ರಗೆ ಕಾಣ್ತೈತೆ” ಎಂದು ಅವಳು ನನ್ನನ್ನು ಛೇಡಿಸುತ್ತಿದ್ದಳು.

ಕಾಮಾಲೆಯಲ್ಲಿ ಅವಳು ತೀರಿಕೊಂಡಳು. ಮಗಳು ಇನ್ನೂ ಚಿಕ್ಕವಳು. ತಾಯಿಯ ಪಕ್ಕ ಬಿಟ್ಟು ಮಲಗಿ ಗೊತ್ತಿಲ್ಲದ ಮಗು ನಿದ್ದೆಯಿಲ್ಲದೆ, ಅತ್ತು ಅತ್ತು ಸೊರಗಿ ಕಡ್ಡಿಯಾಯಿತು. ಇದೂ ಕೈಬಿಟ್ಟು ಹೋಗುತ್ತದೇನೋ ಎಂದು ನನಗೆ ಭಯ. ಮಡಕಶಿರಾ ಬಳಿಯ ರತ್ನಗಿರಿಯಿಂದ ಬಂದ ನನ್ನ ಅತ್ತೆ, ಮಗಳ ಹಳೆಯ ಸೀರೆಗಳನ್ನೆಲ್ಲ ಹರಿದು ಮೊಮ್ಮಗಳಿಗೆ ಕೌದಿ ಹೊಲಿದರು. ತಾಯಿಯ ಸೀರೆ ಹೊದ್ದರೆ ಮಗು ಮಲಗುತ್ತದೆ ಎಂದು ಅವರ ನಂಬಿಕೆ. ಮಲಗಲಿಲ್ಲ.

ಶೆಡ್ಡು ಮುಚ್ಚಿದಾಗ ಆ ದೀಪವನ್ನು ನಾನು ಮನೆಗೆ ತಂದೆ. ಒಂದು ಸಂಜೆ ಪಡಸಾಲೆಯಲ್ಲಿ ಅದನ್ನು ಕರೆಂಟಿನ ಚೋಕ್‌ಗೆ ಜೋಡಿಸಿ ಹೊತ್ತಿಸಿದೆ. ಈ ದೀಪ ಮೊದಲು ಕೆಂಪಗಿದ್ದು, ಬಿಸಿಯೇರಿದ ಮೇಲೆ ಹಳದಿಯಾಗುತ್ತದೆ. ಹಳದಿ ಪೂರ್ತಿ ತುಂಬುವವರೆಗೂ ಕಾದೆ. ಗೋಡೆ, ಅತ್ತೆಯ ಮುಖ, ಅವರ ಮುಂದಿದ್ದ ಕೌದಿ ಎಲ್ಲ ಬೂದಿಯಾದವು. ಕೌದಿಯ ನಡುವೆ ಒಂದು ತುಂಡು ಮಾತ್ರ ಕೆಂಪಗೇ ಇತ್ತು.

“ಅತ್ತಿ, ಇದು ಯಾವ ಸೀರಿ ತುಂಡ್ರಿ?” ಎಂದೆ.

ಅತ್ತೆ ಆ ಕೆಂಪು ತುಂಡನ್ನು ಬೆರಳಿಂದ ಸವರಿ ನೋಡಿದರು. “ಧಾರೆ ಸೀರೆ ಕಣಪ್ಪ. ಅದನ್ನ ಉಡಿಸೇ ಅಲ್ವಾ ಅವಳನ್ನ ಮಣ್ಣು ಮಾಡಿದ್ದು. ನಾನೆಲ್ಲಿಂದ ತಂದು ಹೊಲೀಲಿ?”

ಅಷ್ಟರಲ್ಲಿ ಮಗು ಬಂದು ಆ ಕೆಂಪಿನ ಮೇಲೆ ಕೆನ್ನೆಯಿಟ್ಟು ಮಲಗಿಬಿಟ್ಟಿತು. ಬೆಳಗಿನವರೆಗೂ ಏಳಲಿಲ್ಲ.

ಮರುದಿನ ಬಿಸಿಲಲ್ಲಿ ಕೌದಿ ಹರವಿ ನೋಡಿದೆವು. ಹಸಿರು, ಕಂದು, ನೇರಳೆ ಎಲ್ಲ ಇದ್ದವು, ಕೆಂಪು ಎಲ್ಲೂ ಇರಲಿಲ್ಲ. ಮಗು ಮಾತ್ರ ಅಂದಿನಿಂದ ಅದನ್ನೇ ಹೊದ್ದು ನಿದ್ದೆ ಮಾಡತೊಡಗಿತು, ಉಣ್ಣತೊಡಗಿತು, ಉಳಿಯಿತು.

ಕಣ್ಣಿನ ಭ್ರಮೆ ಎನ್ನುವವರು ಎನ್ನಲಿ. ಆದರೆ ಅತ್ತೆಯೂ ನೋಡಿದ್ದರು. ಆಮೇಲೆ ಎಷ್ಟೋ ಸಂಜೆ, ಒಬ್ಬನೇ ಇದ್ದಾಗ, ಆ ದೀಪ ಹೊತ್ತಿಸಿ ಕೌದಿ ಹರವಿಕೊಂಡು ಕೂತಿದ್ದೇನೆ. ಎಲ್ಲವೂ ಬೂದಿಯೇ. ಅವಳು ಬಂದದ್ದೇ ನಿಜವಾದರೆ ಮಗಳಿಗಾಗಿ ಬಂದಳು. ನನಗಾಗಿ ಒಂದು ಸಲವೂ ಯಾಕೆ ಬರಲಿಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.