ಅತ್ತೆಯ ಉಪವಾಸ, ಸೊಸೆಯ ಕಣ್ಣು

1984ರ ಶ್ರಾವಣ. ಆಗ ನಾನು ಬಾಗಲಕೋಟೆಯ ಒಂದು ಆಸ್ಪತ್ರೆಯಲ್ಲಿ ಕಣ್ಣಿನ ಸರ್ಜನ್. ರಕ್ತದಿಂದ ತಯಾರಿಸುವ ‘ಫೈಬ್ರಿನ್ ಗ್ಲೂ’ ಎಂಬ ಅಂಟಿನ ಬಳಕೆಯನ್ನು ತರಬೇತಿಯಲ್ಲಿ ಹೊಸದಾಗಿ ಕಲಿತು ಬಂದಿದ್ದೆ. ಕೈ ತುರಿಸುತ್ತಿತ್ತು ಅಂದರೆ ತಪ್ಪಲ್ಲ.

ನಮ್ಮ ವಾರ್ಡಿಗೆ ಸೇರಿದ್ದ, ಇಳಕಲ್ಲಿನ ನೇಕಾರರ ಮನೆಯ ಶಾಂತವ್ವನ ಒಂದು ಕಣ್ಣು ಬಾಲ್ಯದ ಸಿಡುಬಿಗೇ ಹೋಗಿತ್ತು. ಉಳಿದ ಕಣ್ಣಿನ ಕಾರ್ನಿಯಾ, ಅಂದರೆ ಮುಂಭಾಗದ ಪಾರದರ್ಶಕ ಪದರ, ಹುಣ್ಣಾಗಿ ತೂತುಬಿದ್ದಿತ್ತು. ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೂಡಿಸುವುದು ಅವಳ ಕೆಲಸ. ಹೊಸ ಕಾರ್ನಿಯಾ ಕೂರಿಸದಿದ್ದರೆ ಅವಳಿಗೆ ಪೂರ್ತಿ ಕತ್ತಲೆ. ಆದರೆ ಸುತ್ತಲಿನ ಅಂಚು ಕರಗಿ ತೆಳ್ಳಗಾಗಿತ್ತು, ಬಿಗಿಯಾಗಿ ಹೊಲಿದರೆ ಹರಿಯುತ್ತಿತ್ತು. ನಾಲ್ಕಾರು ಸಡಿಲ ಹೊಲಿಗೆ ಹಾಕಿ ಉಳಿದುದನ್ನು ಅಂಟಿಗೆ ಬಿಡಬೇಕಿತ್ತು.

ಒಂದು ಸೋಮವಾರ ಬೆಳಿಗ್ಗೆ ಗುಳೇದಗುಡ್ಡದ ಮನೆಯೊಂದರಿಂದ ದಾನದ ಕಣ್ಣು ಬಂತು. ಮರುದಿನ ಬೆಳಿಗ್ಗೆಯೊಳಗೆ ಅದನ್ನು ಬಳಸಬೇಕು. ಅಂಟಿಗಾದರೋ ರಕ್ತದ ತಿಳಿಭಾಗವಾದ ಪ್ಲಾಸ್ಮಾವನ್ನು ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿ, ಮರುದಿನ ತಣ್ಣಗೇ ಕರಗಿಸಿ, ತಳದಲ್ಲಿ ಉಳಿಯುವ ಗಟ್ಟಿಯನ್ನು ತೆಗೆಯಬೇಕು. ಅದಕ್ಕೆ ರಕ್ತ ಗರಣೆಗಟ್ಟಿಸುವ ಥ್ರಾಂಬಿನ್ ಎಂಬ ಔಷಧ ಬೆರೆತರೆ, ಗಾಯದ ಮೇಲೆ ರಕ್ತ ಗಟ್ಟಿಯಾಗುವ ಹಾಗೆಯೇ ಹಿಡಿದುಕೊಳ್ಳುತ್ತದೆ. ಮಧ್ಯಾಹ್ನದೊಳಗೆ ಪ್ಲಾಸ್ಮಾ ಫ್ರೀಜರಿಗೆ ಹೋಗಲೇಬೇಕಿತ್ತು. “ಇನ್ನೆರಡು ತಾಸಿಗೆ ಇವಳ ರಕ್ತ ತಗೀತೀವಿ” ಎಂದು ಮನೆಯವರಿಗೆ ಹೇಳಿ ನಾನು ಹೊರರೋಗಿಗಳ ಕಡೆ ಓಡಿದೆ.

ರಕ್ತ ತೆಗೆದ ಸ್ವಲ್ಪ ಹೊತ್ತಿಗೆ ಲ್ಯಾಬಿನಿಂದ ಕರೆ ಬಂತು. ಪ್ಲಾಸ್ಮಾ ತಿಳಿಯಾಗಿರದೆ ಮಜ್ಜಿಗೆಯಂತೆ ಬೆಳ್ಳಗಿತ್ತು. ಜಿಡ್ಡು ತಿಂದವರ ರಕ್ತ ಹಾಗಿರುತ್ತದೆ. ಅಂಥದ್ದನ್ನು ಕಣ್ಣಿಗೆ ಹಚ್ಚಲು ನನಗೆ ಧೈರ್ಯವಿರಲಿಲ್ಲ.

“ಏನ್ ತಿನ್ನಿಸಿದಿರಿ ಇವಳಿಗೆ?” ವಾರ್ಡಿನಲ್ಲೇ ಕೂಗಾಡಿದೆ.

ಅತ್ತೆ ಗಂಗವ್ವ ಗೋಡೆಗೆ ಒತ್ತಿ ನಿಂತಳು. “ರಕ್ತ ತಗೀತೀವಿ ಅಂದ್ರಲ್ಲರಿ, ಸೊಸಿ ಸೊರಗ್ತಾಳಂತ ಮೂರು ಹೋಳಿಗಿ ಉಣಿಸೀನ್ರಿ. ತುಪ್ಪಾನೂ ಭಾಳ ಹಾಕೀನಿ.”

ನಾನು ತಲೆ ಹಿಡಿದುಕೊಂಡು ಕೂತೆ. ಖಾಲಿ ಹೊಟ್ಟೆಯ ರಕ್ತ ಬೇಕಿತ್ತು, ಜಿಡ್ಡು ಇಳಿಯುವ ತನಕ ಕಾದರೆ ಮರುದಿನಕ್ಕೆ ಅಂಟಿಲ್ಲ ಎಂದೆ. ಗಂಗವ್ವ ಮುಂದೆ ಬಂದಳು.

“ಡಾಕ್ಟ್ರ, ನನ್ನ ರಕ್ತ ನಡೀತದೇನ್ರಿ? ಶ್ರಾವಣ ಸೋಮವಾರ, ನಾ ನಿನ್ನಿ ರಾತ್ರಿಯಿಂದ ನೀರ ಬಿಟ್ರ ಏನೂ ಮುಟ್ಟಿಲ್ಲ.”

ಸೊಸೆಗೆ ತುಪ್ಪದಲ್ಲಿ ಹೋಳಿಗೆ ಅದ್ದಿ ಉಣಿಸಿದವಳು ತಾನು ಖಾಲಿ ಹೊಟ್ಟೆಯಲ್ಲಿದ್ದಳು! ರಕ್ತದ ಗುಂಪು ಹೊಂದಿತು. ಆಗಿನ ಕಾಲದ ಪರೀಕ್ಷೆಗಳನ್ನೆಲ್ಲ ಮಾಡಿಸಿದೆವು. ಇಂದಾದರೆ ಅಷ್ಟು ಸಾಲದು. ಪ್ಲಾಸ್ಮಾ ಜೇನಿನಂತೆ ತಿಳಿಯಾಗಿ ಬಂತು. ಲ್ಯಾಬಿನವನು ಬಾಟಲಿ ಎತ್ತಿ ತೋರಿಸಿದಾಗ ಇಬ್ಬರೂ ಕುಣಿಯುವುದೊಂದು ಬಾಕಿ.

ಮಂಗಳವಾರ ಬೆಳಿಗ್ಗೆ ಹೊಸ ಕಾರ್ನಿಯಾ ಕೂರಿಸಿ, ಅಂಚಿನ ಸುತ್ತ ಅಂಟು ಹನಿಸಿದೆ. ನೋಡನೋಡುತ್ತಲೇ ಅದು ಹಿಡಿದುಕೊಂಡಿತು. ಸೋರಿಕೆ ಪತ್ತೆಗೆ ಬಣ್ಣದ ಹನಿ ಹಾಕಿದೆ. ಎಲ್ಲಿಯೂ ಸೋರಲಿಲ್ಲ. ಆ ಕ್ಷಣದ ಖುಷಿಯನ್ನು ನಾನು ಈಗಲೂ ಮರೆತಿಲ್ಲ.

ಕೆಲವು ದಿನಗಳ ಬಳಿಕ ಪಟ್ಟಿ ಬಿಚ್ಚಿದೆ. ಎದುರಿಗೆ ಗಂಗವ್ವ ಸದ್ದಿಲ್ಲದೆ ನಿಂತಿದ್ದಳು. ಎಷ್ಟು ಬೆರಳು ಎಂದು ನಾನು ಕೇಳುವ ಮೊದಲೇ ಶಾಂತವ್ವ ಅಂದಳು: “ಅತ್ತೀ, ಸೆರಗು ಯಾಕ ಕಣ್ಣಿಗೆ ಒತ್ಕೊಂಡೀರಿ? ಅಳಾಕತ್ತೀರೇನು?”

ಗಂಗವ್ವನನ್ನು ಬೈದಿದ್ದೆನಲ್ಲ, ತಪ್ಪು ನನ್ನದಾಗಿತ್ತು. ರಕ್ತ ತೆಗೆಯುತ್ತೇವೆ ಎಂದಷ್ಟೇ ಹೇಳಿದ್ದೆ. ಯಾಕೆ ತೆಗೆಯುತ್ತೇವೆ, ಅದಕ್ಕೆ ಮೊದಲು ಏನು ಮಾಡಬಾರದು ಎಂದು ಹೇಳಿರಲಿಲ್ಲ. ನಿವೃತ್ತಿಯ ದಿನದವರೆಗೂ ಸೂಜಿ ಹಿಡಿಯುವ ಮೊದಲು ಮನೆಯವರ ಪಕ್ಕ ಕೂತು ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದೆ. ಕೊನೆಗೆ ತಪ್ಪದೆ ಕೇಳುತ್ತಿದ್ದೆ: “ಮುಂಜಾನೆ ಏನ್ ಉಣಿಸೀರವ್ವ?”