ಒಂದೇ ಪ್ರಶ್ನೆಯ ಸುಬೇದಾರ ಕಾಕಾ

ಸುಬೇದಾರ ಕಾಕಾನ ಬಲಗಿವಿ ಎಡಗಿವಿಗಿಂತ ಚಪ್ಪಟೆಯಾಗಿತ್ತು. ಸೈನ್ಯದ ಸಂಪರ್ಕ ವಿಭಾಗದಲ್ಲಿ ವರ್ಷಗಟ್ಟಲೆ ಹೆಡ್‌ಫೋನ್ ಒತ್ತಿ ಹಾಗಾಗಿತ್ತಂತೆ. ನಮ್ಮೂರು ಇಬ್ರಾಹಿಂಪುರದಲ್ಲಿ ನಮ್ಮದೂ ಅವರದೂ ಒಂದೇ ಗೋಡೆಯ ಮನೆಗಳು.

ನಿವೃತ್ತಿಗೆ ಮುಂಚಿನ ಅವರ ಕೆಲಸ ವಿಚಿತ್ರವಾದದ್ದು. ಭೂಸೇನೆ, ನೌಕಾಸೇನೆ, ವಾಯುಸೇನೆ ಕೂಡಿ ಸಮರಾಭ್ಯಾಸ ಮಾಡುವಾಗ ನಡುವೆಯೇ ಎಲ್ಲ ನಿಲ್ಲಿಸಿ, ಪ್ರತಿಯೊಂದು ಕಚೇರಿಗೂ ಒಂದೇ ಪ್ರಶ್ನೆ ಹಾಕುವುದು: ಈ ಕ್ಷಣ ಎಲ್ಲಿ ಏನು ನಡೆದಿದೆ? ಉತ್ತರಗಳನ್ನು ಪಕ್ಕಪಕ್ಕ ಇಟ್ಟು, ಯಾರಿಗೆ ಏನು ತಿಳಿದಿಲ್ಲ ಎಂದು ಅಳೆಯುವುದು.

ಊರಿಗೆ ಬಂದರೂ ಚಟ ಬಿಡಲಿಲ್ಲ. ಒಮ್ಮೆ ಎರಡೂ ಮನೆಯವರು ಘೋಣಸಗಿಗೆ ಮದುವೆಗೆ ಹೊರಟಿದ್ದೆವು. ಗಾಡಿ ಹತ್ತಿ ಕೂತ ಮೇಲೆ ಕಾಕಾ ಎಲ್ಲರಿಗೂ ಚೀಟಿ ಹಂಚಿದರು.

"ಅಕ್ಕಿಕಾಳು ಬೀಳೂ ಮುಹೂರ್ತ ಎಲ್ಲಿ, ಎಷ್ಟಕ್ಕ? ಬರೀರಿ. ಒಬ್ಬರದ ಒಬ್ಬರು ನೋಡಬ್ಯಾಡ್ರಿ."

ಅಪ್ಪ ಹನ್ನೊಂದು ಎಂದು ಬರೆದರು, ಅವ್ವ ಹನ್ನೆರಡೂವರೆ. ಕಾಕಾನ ಹೆಂಡತಿ ಕಾಕು ಮಾತ್ರ ಮದುವೆ ಬಬಲೇಶ್ವರದಲ್ಲಿ ಎಂದು ಬರೆದಿದ್ದರು. ಮದುವೆಮನೆಯ ಬೀಗರಿಗೆ ಫೋನ್ ಮಾಡಿದರೆ ಕಾಕುನ ಮಾತೇ ಖರೆ. ಜಾಗ ಬದಲಾದದ್ದನ್ನು ಹಿಂದಿನ ದಿನವೇ ಕಾಕುಗೆ ತಿಳಿಸಿದ್ದರಂತೆ.

"ಮತ್ತ ನಮಗ ಹೇಳಲಿಲ್ಲಲ್ಲ?" ಎಂದರು ಅಪ್ಪ.

"ನಿಮಗೂ ಗೊತ್ತೈತಿ ಅಂದ್ಕೊಂಡೇನ್ರಿ," ಎಂದರು ಕಾಕು.

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಕಾಕಾ ನಗಲಿಲ್ಲ. ಗಾಡಿ ಊರು ದಾಟಿದ ಮೇಲೆ, ಪಕ್ಕದಲ್ಲಿದ್ದ ನನಗೆ ಮೆಲ್ಲಗೆ ಹೇಳಿದರು. ಗಡಿಯಲ್ಲಿ ಒಮ್ಮೆ ಗಸ್ತಿನವರು ಮರಳುವ ದಾರಿ ಬದಲಾಗಿತ್ತು. ಸಂದೇಶ ಕಾಕಾಗೆ ಬಂದಿತ್ತು. ಪಕ್ಕದ ಠಾಣೆ ಬೇರೆ ಪಡೆಯದು. ಅವರಿಗೂ ಬಂದಿರಬೇಕು ಎಂದುಕೊಂಡು ಕಾಕಾ ಸುಮ್ಮನಿದ್ದರು. ಆ ಠಾಣೆಯವರು ನಮ್ಮವರ ಮೇಲೆಯೇ ಗುಂಡು ಹಾರಿಸಿದರು. ಒಬ್ಬ ಜವಾನನ ಕಾಲು ಹೋಯಿತು.

"ಅವರದೂ ತಪ್ಪಿಲ್ಲ, ಇವರದೂ ತಪ್ಪಿಲ್ಲವ್ವಾ. ನಡುವ ನಾ ಸುಮ್ನ ಕುಂತಿದ್ದೆ."

ಮುಂದೆ ನಾನೂ ರಕ್ಷಣಾ ಇಲಾಖೆ ಸೇರಿ ಅದೇ ಕೆಲಸಕ್ಕೆ ಬಿದ್ದೆ. ನನ್ನ ಮೊದಲ ಸಮರಾಭ್ಯಾಸದಲ್ಲಿ ಎಲ್ಲ ಕಚೇರಿಗಳೂ 'ಪರಿಸ್ಥಿತಿಯ ಚಿತ್ರ ಸ್ಪಷ್ಟವಾಗಿದೆ' ಎಂದವು. ಉತ್ತರ ಹೋಲಿಸಿದರೆ, ಒಂದೇ ಹಡಗನ್ನು ಎರಡು ಕಚೇರಿಗಳು ಎರಡು ಕಡೆ ಗುರುತಿಸಿದ್ದವು. ತಮ್ಮ ಗುರುತುಗಳು ಬೇರೆ ಬೇರೆ ಎಂಬುದು ಎರಡೂ ಕಡೆಯವರಿಗೆ ಗೊತ್ತಿರಲಿಲ್ಲ. "ಸಣ್ಣ ವಿಷಯ, ಬಿಟ್ಟುಬಿಡಿ" ಎಂದರು ಮೇಲಧಿಕಾರಿ. ಆದರೂ ವರದಿಯ ಮೊದಲ ಸಾಲಿನಲ್ಲೇ ಅದನ್ನು ಬರೆದೆ. ಎರಡು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ, ಆ ಭಾಗವನ್ನು ಮತ್ತೊಮ್ಮೆ ನಡೆಸಲು ತಾವೇ ಆದೇಶ ಕೊಟ್ಟರು.

ರಜೆಯಲ್ಲಿ ಬಂದವಳು ಇದನ್ನು ಹೇಳಲು ಕಾಕಾನ ಮನೆಗೆ ಓಡಿದೆ. ಅವರನ್ನು ನಾನು ಕಂಡ ಕೊನೆಯ ಸಲ ಅದು. ಬಾಯಿ ತೆರೆಯುವ ಮೊದಲೇ ಕೈ ಎತ್ತಿ ತಡೆದರು.

"ಕಚೇರಿ ಮಾತು ಹೊರಗ ಆಡಬಾರದು. ಬರಿಯೂದು ಬರದೀಯೋ, ಅಂಜಿ ಬಿಟ್ಟೀಯೋ? ಅಷ್ಟ ಹೇಳು."

"ಅಂಜಿದ್ದೆ ಕಾಕಾ. ಆದ್ರೂ ಬರದೇನ್ರಿ."

ಕಾಕಾ ಅಡುಗೆಮನೆಯ ಕಡೆ ತಿರುಗಿ, ಓಣಿಗೆಲ್ಲ ಕೇಳುವಂತೆ ಕೂಗಿದರು:

"ಏ, ಸಾಹೇಬ್ರು ಬಂದಾರ. ಚಾ ಇಡು."