ಕೋದಂಡಪ್ಪನವರ ಟೋಕನ್

ಊರಿಗಾಂನಲ್ಲಿ ನಮ್ಮ ಪಕ್ಕದ ಮನೆಯ ಕೋದಂಡಪ್ಪನವರು ಮಾತಿಗೆ ಸಿಕ್ಕರೆ ಮುಗಿಯಿತು, ಅವರು ಮಾತಿನಲ್ಲೇ ಚಿನ್ನದ ಗಣಿಗಿಳಿದು ಮೇಲೆ ಬರುವಷ್ಟರಲ್ಲಿ ನನ್ನ ಕಾಫಿ ಆರಿರುತ್ತಿತ್ತು. ಅವರು ದುಡಿಯುತ್ತಿದ್ದ ಆ ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯಿತು. ಹೆಂಡತಿ ಕಾಂತಮ್ಮ ತೀರಿಕೊಂಡು ಮೂರು ವರ್ಷ. ಮಕ್ಕಳಿಲ್ಲ. ಮನೆಯೊಳಗೆ ತಾನು ಬಿದ್ದುಹೋದರೂ ಯಾರಿಗೂ ಗೊತ್ತಾಗುವುದಿಲ್ಲ ಎಂಬುದೊಂದೇ ಅವರ ಭಯ. ಅದನ್ನು ಹತ್ತಾರು ಸಲ ಹೇಳಿದ್ದರು, ನಾನೂ ಹತ್ತಾರು ಸಲ ತಲೆಯಾಡಿಸಿದ್ದೆ.

ಕಳೆದ ಡಿಸೆಂಬರಿನಲ್ಲಿ ನಮ್ಮ ಕಾರ್ಖಾನೆಯವರ ಪ್ರವಾಸದ ಬಸ್ಸಿನಲ್ಲಿ ಒಂದು ಸೀಟು ಉಳಿದಿತ್ತು, ಅವರನ್ನೂ ಕರೆದುಕೊಂಡು ಹೋದೆ. ಹೊನ್ನಾವರದಾಚೆ ಕಡಲಂಚಿನ ಬಂಡೆಯಲ್ಲೊಂದು ಗವಿ. ನೀರು ಇಳಿದಾಗ ಮಾತ್ರ ಒಳಗೆ ನಡೆಯಬಹುದು. ಗವಿಯ ಚಾವಣಿಯಲ್ಲೊಂದು ತೂತು. ನೀರು ಏರಿದಾಗ ಅಲೆ ಒಳನುಗ್ಗಿ ಆ ತೂತಿನಿಂದ ಧಡ್ಡನೆ ಮೇಲಕ್ಕೆ ಚಿಮ್ಮುತ್ತದೆ.

ಎಲ್ಲರೂ ಫೋನು ಹಿಡಿದು ಒಳಹೊಕ್ಕರು. ಕೋದಂಡಪ್ಪನವರು ಮಾತ್ರ ಗವಿಯ ಬಾಯಲ್ಲಿ ನಿಂತು ತಮ್ಮ ಮನೆಯ ಕೀಯನ್ನು ನನ್ನ ಕೈಗಿಟ್ಟರು.

"ಒಳಕ್ಕೆ ಓಗೋರು ಟೋಕನ್ ಕೊಟ್ಟೇ ಓಗ್ಬೇಕು ಸಾರ್."

ಗಣಿಯಲ್ಲಿ ಹಾಗಿತ್ತಂತೆ. ಇಳಿಯುವಾಗ ಕೊಟ್ಟ ನಂಬರಿನ ಬಿಲ್ಲೆಯನ್ನು ಯಾರೂ ವಾಪಸು ಪಡೆಯದೆ ಅದು ಮೇಲೇ ಉಳಿದರೆ ಆಳು ಕೆಳಗೇ ಇದ್ದಾನೆಂದು ಲೆಕ್ಕ, ಹುಡುಕಲು ಜನ ಇಳಿಯುತ್ತಿದ್ದರು. ನಾನು ನಕ್ಕು ಕೀ ಜೇಬಿಗೆ ಹಾಕಿಕೊಂಡೆ. ಅವರು ಗಣಿಯ ರೂಢಿಯಂತೆ ಕೋಲಿನಿಂದ ಬಂಡೆ ತಟ್ಟಿ, ಸದ್ದಿಗೆ ಕಿವಿಗೊಟ್ಟು, ಒಂದೊಂದೇ ಹೆಜ್ಜೆ ಮುಂದಿಡುತ್ತಿದ್ದರು. ನಾವು ಫೋಟೊ ತೆಗೆದುಕೊಂಡು ಬಂದು ಬಸ್ಸು ಹತ್ತಿದೆವು, ಚುರುಮುರಿ ಹಂಚಿಕೊಂಡೆವು.

ಡ್ರೈವರ್ ಬಸ್ಸು ಶುರುಮಾಡಿದಾಗ ಧಡ್ಡೆಂದು ನೀರು ಬಂಡೆಯ ಮೇಲಕ್ಕೆ ಚಿಮ್ಮಿತು. ವಿಡಿಯೊ ಮಾಡೋಣವೆಂದು ಜೇಬಿಗೆ ಕೈ ಹಾಕಿದೆ. ಕೀ ಸಿಕ್ಕಿತು. ತಿರುಗಿ ನೋಡಿದರೆ ಕೋದಂಡಪ್ಪನವರ ಸೀಟು ಖಾಲಿ.

ಓಡಿದೆ. ಗವಿಯ ಬಾಯಲ್ಲಿ ನೀರು ಸೊಂಟದವರೆಗೆ ಬಂದಿತ್ತು. ಅವರು ಒಳಗೆ ಎತ್ತರದ ಕಲ್ಲೊಂದರ ಮೇಲೆ ನೆನೆದು ನಡುಗುತ್ತಾ ನಿಂತಿದ್ದರು. ಕೈಹಿಡಿದು ಅಲೆ ಹಿಂದೆ ಸರಿದಾಗ ಹೊರಗೆ ಎಳೆದು ತಂದೆ. ಉಸಿರು ಹಿಡಿತಕ್ಕೆ ಬಂದ ಮೇಲೆ ಅವರು ಕೇಳಿದ್ದು ಒಂದೇ ಮಾತು.

"ನನ್ ಗ್ಯಾಪ್ಕ ಬಂತಾ ಸಾರ್, ಇಲ್ಲಾ ಕೀ ಕೈಗೆ ಸಿಕ್ತಾ?"

ಸುಳ್ಳು ಬಾಯಿಗೆ ಬರಲಿಲ್ಲ. ಕೀ ಸಿಕ್ಕಿತು ಎಂದೆ. ನಾಚಿಕೆಯಿಂದ ಸತ್ತುಹೋಗಬೇಕೆನಿಸಿತು. ಅವರಿಗೆ ಕೋಪ ಬರಲಿಲ್ಲ.

"ಅದ್ಕೇ ಟೋಕನ್ ಇಡಾದು. ಮನ್ಸ ಮರೀತಾನೆ."

ಊರಿಗೆ ಮರಳಿದ ಮಾರನೇ ದಿನ ಅವರು ಬಂಗಾರಪೇಟೆಗೆ ಹೋಗಿ ಇನ್ನೊಂದು ಕೀ ಮಾಡಿಸಿಕೊಂಡು ನಮ್ಮ ಮನೆಗೆ ಬಂದರು.

"ಬೆಳಗ್ಗೆ ಎಂಟಾದ್ರೂ ನಾನು ಬಾಗ್ಲು ತೆಗೀಲಿಲ್ಲ ಅಂದ್ರೆ, ನೀವೇ ತೆಗ್ದು ನೋಡಿ ಸಾರ್."

ಆ ಕೀ ನಮ್ಮ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿದೆ. ಅವರ ಮನೆಯ ಚಿಲಕದ ಸದ್ದು ಕೇಳುವವರೆಗೆ ನನಗೆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ.